ನನ್ನ ಒಂದು ಪ್ರಶ್ನೆಯನ್ನು ಭದ್ರವಾಗಿ ಕಾಪಾಡಿದವರಿಗೆ

ತಾಯಿ-ಮಗುವಿನ ಆರೈಕೆಯ ಜಾಲತಾಣದಲ್ಲಿ ಬಳಕೆದಾರರ ಖಾಸಗಿ ಮಾಹಿತಿಯನ್ನು ಸಂಗ್ರಹಿಸುವ ಹಾಗೂ ಸಂರಕ್ಷಿಸುವ ಎರಡೂ ಹೊಣೆಗಳನ್ನು ಒಂದೇ ಹೆಗಲ ಮೇಲೆ ಹೊತ್ತಿರುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಸರ್ವರುಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಮ್ಮ ಕಡೆಯ ಕ್ಷೇಮಸಮಾಚಾರವನ್ನು ಬೇರೆ ಬರೆಯಬೇಕಾಗಿಲ್ಲ. ನಮ್ಮ ಮಗಳು ಇವತ್ತು ಎಡಗಡೆ ಎಷ್ಟು ಹೊತ್ತು ಹಾಲು ಕುಡಿದಳು, ಬಲಗಡೆ ಎಷ್ಟು ಹೊತ್ತು, ಕುಡಿದದ್ದರಲ್ಲಿ ಎಷ್ಟನ್ನು ನನ್ನ ಹೆಗಲ ಮೇಲೆ ವಾಪಸು ಕೊಟ್ಟಳು ಎಂಬುದೆಲ್ಲ ಅವಳ ಅಪ್ಪನಿಗಿಂತ ಮೊದಲು ತಮಗೆ ತಿಳಿಯುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ, ಅಂದರೆ ಮೊದಲು ತಮ್ಮನ್ನು ಹೊಗಳುತ್ತೇನೆ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಸದ್ಯ ಹೆರಿಗೆ ರಜೆಯಲ್ಲಿದ್ದೇನೆ. ಸಣ್ಣ ಅಕ್ಷರ ಕಂಡರೆ ಓದದೆ ಬಿಡುವ ಶಕ್ತಿ ನನಗಿಲ್ಲ. ಔಷಧಿಯ ಡಬ್ಬಿಯ ಹಿಂಬದಿಯನ್ನೂ ಲಿಫ್ಟಿನೊಳಗಿನ ಎಚ್ಚರಿಕೆಯನ್ನೂ ಕೊನೆಯ ಚುಕ್ಕಿಯವರೆಗೆ ಓದಿಯೇ ಮುಂದೆ ಹೋಗುವ ಜಾತಿ. ಹೀಗಾಗಿ ತಮ್ಮ ‘ಖಾಸಗಿತನದ ನೀತಿ’ ಎಂಬ ಪುಟವನ್ನು, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ತಲೆಯಿಂದ ಬುಡದವರೆಗೆ ಓದಿ ಮುಗಿಸಿದ ಏಕೈಕ ತಾಯಿ ನಾನೇ ಇರಬೇಕು. ತಮ್ಮ ಕಚೇರಿಯಲ್ಲಿ ಅದನ್ನು ಓದಿದವರು ಬೇರೆ ಯಾರಾದರೂ ಇದ್ದರೆ ದಯಮಾಡಿ ಪರಿಚಯ ಮಾಡಿಸಿ, ಇಬ್ಬರೂ ಕೂತು ಕಷ್ಟಸುಖ ಹಂಚಿಕೊಳ್ಳುತ್ತೇವೆ.

ನೀತಿಯ ಮೊದಲ ಸಾಲಿನಲ್ಲೇ ತಾವು ‘ನಿಮ್ಮ ಖಾಸಗಿತನ ನಮಗೆ ಅಮೂಲ್ಯ’ ಎಂದು ಬರೆದಿದ್ದೀರಿ. ನಮ್ಮಂಥ ಸಂಕುಚಿತ ಮನಸ್ಸಿನವರು ಅಮೂಲ್ಯವಾದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ತಾವೋ ಅದನ್ನು ‘ನಂಬಿಕಸ್ಥ ಪಾಲುದಾರ’ರಿಗೆಲ್ಲ ತೋರಿಸಿ ಬರುತ್ತೀರಿ. ಆ ಪಾಲುದಾರರ ಪಟ್ಟಿಯನ್ನೂ ಓದಿದೆ. ನಮ್ಮ ಮದುವೆಗೆ ಬಂದ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಆ ಪಟ್ಟಿಯ ಅರ್ಧ ತುಂಬಲಿಕ್ಕಿಲ್ಲ. ಆದರೆ ನೆಂಟರು ಬಂದು ಉಂಡು ಹೋದರು, ಇವರು ಹೋಗಲಿಲ್ಲ. ಹಾಸಿಗೆ ಮಾರುವವರು ಈಗಲೂ ನನ್ನ ನಿದ್ದೆಯ ಬಗ್ಗೆ ಕಾಳಜಿಯಿಂದ ವಿಚಾರಿಸುತ್ತಾರೆ. ಕಟ್ಟಿಸಿಕೊಂಡ ಹಲ್ಲಿಗೆ ಹಚ್ಚುವ ಅಂಟನ್ನು ತಯಾರಿಸುವ ಮಹನೀಯರೊಬ್ಬರು ನಮ್ಮ ಮಗಳಿಗೇ ನೇರವಾಗಿ ಶುಭಾಶಯ ಕಳಿಸಿದ್ದಾರೆ. ಅವಳಿಗಿನ್ನೂ ಒಂದೂ ಹಲ್ಲಿಲ್ಲದ ವಿಷಯ ಅವರಿಗೆ ತಲುಪಿದೆ, ಕಾರಣ ಮಾತ್ರ ತಲುಪಿಲ್ಲ.

ಇದನ್ನೆಲ್ಲ ನಾನು ದೂರೆಂದು ಬರೆಯುತ್ತಿಲ್ಲ. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಬಂದವರೆಲ್ಲ ಮಗುವನ್ನು ವಿಚಾರಿಸಿದರು, ಮಗುವಿನ ಮೂಗು ಯಾರದ್ದು ಎಂದು ಚರ್ಚಿಸಿದರು. ನನ್ನನ್ನು ಪ್ರತಿದಿನ ತಪ್ಪದೆ ‘ನಿನ್ನೆ ನಿದ್ದೆ ಹೇಗಾಯಿತು?’ ಎಂದು ಕೇಳಿದವರು ತಾವೊಬ್ಬರೇ. ಉತ್ತರಕ್ಕೆ ತಾವು ಕೊಟ್ಟಿದ್ದ ಆಯ್ಕೆಗಳು ‘ಚೆನ್ನಾಗಿ’, ‘ತುಂಬಾ ಚೆನ್ನಾಗಿ’ ಮತ್ತು ‘ಆಮೇಲೆ ನೆನಪಿಸಿ’ ಇಷ್ಟೇ ಆಗಿದ್ದವು, ನಿಜ. ನಾನು ದಿನವೂ ‘ಆಮೇಲೆ ನೆನಪಿಸಿ’ ಒತ್ತುತ್ತಿದ್ದೆ, ತಾವು ದಿನವೂ ನೆನಪಿಸುತ್ತಿದ್ದಿರಿ. ಇಷ್ಟು ನಿಷ್ಠೆಯಿಂದ ನನ್ನ ಹಿಂದೆ ಬಿದ್ದವರು ಕಾಲೇಜಿನ ದಿನಗಳಲ್ಲೂ ಯಾರೂ ಇರಲಿಲ್ಲ. ಹೀಗೆ ತಮ್ಮ ಮೇಲೆ ನನಗೆ ನಂಬಿಕೆ ಬೆಳೆಯಿತು ಎಂಬುದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದ್ದೆಲ್ಲ ಆ ನಂಬಿಕೆಯ ಫಲ.

ಖಾತೆ ತೆರೆಯುವಾಗ ತಾವು ‘ನಿಮ್ಮ ಆಪ್ತರೊಬ್ಬರ ಮೊಬೈಲ್ ಸಂಖ್ಯೆ’ ಎಂದು ಕೇಳಿ, ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ ಹಾಕಿದ್ದಿರಿ. ನಕ್ಷತ್ರ ಇರುವ ಜಾಗವನ್ನು ಖಾಲಿ ಬಿಟ್ಟರೆ ತಮ್ಮ ಜಾಲತಾಣ ಮುಂದಕ್ಕೆ ಬಿಡುವುದಿಲ್ಲ. ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ತಾಯಿ ಇಲ್ಲದವರಿಗೆಂದು ತಾವು ಬೇರೆ ಬಣ್ಣದ ನಕ್ಷತ್ರವೇನೂ ಇಟ್ಟಿರಲಿಲ್ಲ. ನನ್ನ ಗಂಡ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವರು, ಕೆಲಸದ ಹೊತ್ತಿನಲ್ಲಿ ಮೈಕಿನ ಹತ್ತಿರ ಮೊಬೈಲು ತರುವಂತಿಲ್ಲ. ಉಳಿದವರು ನಮ್ಮ ಅತ್ತೆ. ದೂರವಾಣಿ ಕಚೇರಿಯಲ್ಲಿ ಕರೆ ಜೋಡಿಸುತ್ತಾ ತಲೆ ಹಣ್ಣು ಮಾಡಿಕೊಂಡು ನಿವೃತ್ತರಾದವರು, ಫೋನು ಒಂದು ಸಲ ಬಡಿದುಕೊಳ್ಳುವಷ್ಟರಲ್ಲಿ ಕೈಗೆತ್ತಿಕೊಳ್ಳುವವರು. ‘ಖಾತೆಯ ಭದ್ರತೆಗಾಗಿ ಮಾತ್ರ’ ಎಂದು ತಾವು ಬರೆದಿದ್ದನ್ನು ಓದಿ ಅವರ ಸಂಖ್ಯೆಯನ್ನು ಕೊಟ್ಟೆ. ಕರಡು ತಿದ್ದುವವಳು ‘ಮಾತ್ರ’ ಎಂಬ ಪದವನ್ನು ನಂಬಿದ್ದು ಇದೇ ಕೊನೆ.

ಅಂದಿನಿಂದ ಪ್ರತಿ ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ಅತ್ತೆಯ ಮೊಬೈಲಿಗೆ ‘ನಿಮ್ಮ ಆಪ್ತರ ಈ ವಾರ’ ಎಂಬ ವರದಿ ಬರತೊಡಗಿತು. ಅತ್ತೆಗೆ ಕನ್ನಡಕ ಹುಡುಕುವುದು ಬೇಸರ, ನನ್ನ ಗಂಡನಿಗೆ ಏನು ಕೈಗೆ ಸಿಕ್ಕರೂ ಗಟ್ಟಿಯಾಗಿ ಓದುವ ಚಟ. ಹೀಗಾಗಿ ಇವರು ಮೊಬೈಲು ಹಿಡಿದು, ಮೂಗಿನಿಂದ ಗಂಟೆ ಬಾರಿಸಿ, ‘ಪ್ರಯಾಣಿಕರು ದಯವಿಟ್ಟು ಗಮನಿಸಿ, ಈ ವಾರ ಹಳದಿ ಬಣ್ಣದಲ್ಲಿ ಹೊರಡಬೇಕಿದ್ದದ್ದು ತಾಂತ್ರಿಕ ಕಾರಣಗಳಿಂದ ಹಸಿರು ಬಣ್ಣದಲ್ಲಿ ಹೊರಟಿರುತ್ತದೆ, ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ನಮ್ಮ ಮಗಳ ಒಳಗುಟ್ಟನ್ನು ಸಾರುತ್ತಿದ್ದರು. ಅತ್ತೆ ‘ಊಟದ ಹೊತ್ತಲ್ಲಿ ಏನೋ ಇದು, ಥೂ’ ಎಂದು ಬೈಯುತ್ತಲೇ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುವುದಕ್ಕೆ ನಿದ್ದೆ ಬೇಕಾಗಿಲ್ಲ, ತುಟಿ ಎಳೆದರೆ ಸಾಕು.

ಈಗ ಪ್ರಶ್ನೆಯ ವಿಷಯ. ಒಂದು ಮಧ್ಯಾಹ್ನ ಮಗಳು ತೊಟ್ಟಿಲಲ್ಲಿ ಅಳುತ್ತಿದ್ದಳು. ನಾನು ಬಚ್ಚಲಮನೆಯಲ್ಲಿ ಬಟ್ಟೆ ತೊಳೆಯುವ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದೆ. ಅಳು ಕೇಳುತ್ತಿತ್ತು, ಯಂತ್ರದ ಸದ್ದೂ ಕೇಳುತ್ತಿತ್ತು, ಎರಡರಲ್ಲಿ ಯಾವುದೂ ನನ್ನನ್ನು ಕರೆಯುತ್ತಿದೆ ಎಂದು ಅನ್ನಿಸಲಿಲ್ಲ. ಹೋದೆ, ಎತ್ತಿಕೊಂಡೆ, ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ; ತಮ್ಮಲ್ಲಿ ಎಲ್ಲಕ್ಕೂ ದಾಖಲೆ ಇದೆ, ಯಾವುದರಲ್ಲೂ ಲೋಪ ಹುಡುಕಲಾರಿರಿ. ಲೋಪ ಇದ್ದದ್ದು ತಾವು ಕಾಲಂ ಮಾಡಿರದ ಜಾಗದಲ್ಲಿ. ಆಮೇಲೆ ಅವಳು ಮಲಗಿದ ಹೊತ್ತಿನಲ್ಲಿ ತಮ್ಮ ‘ಏನು ಬೇಕಾದರೂ ಕೇಳಿ, ನಿಮ್ಮ ಮತ್ತು ನಮ್ಮ ನಡುವೆ’ ಎಂಬ ಪೆಟ್ಟಿಗೆಯನ್ನು ತೆರೆದು ಹೀಗೆ ಬರೆದೆ: ‘ಹೆತ್ತ ಮಗುವಿನ ಮೇಲೆ ಪ್ರೀತಿ ಬರೋಕೆ ಎಷ್ಟು ದಿನ ಬೇಕು?’

ತಾವು ಕಣ್ಣು ಮಿಟುಕಿಸುವುದರೊಳಗೆ ಉತ್ತರಿಸಿದಿರಿ. ‘ಸಾಮಾನ್ಯವಾಗಿ ಮೂರರಿಂದ ಐದು ಕೆಲಸದ ದಿನಗಳು. ನಿಮ್ಮ ಬಡಾವಣೆಯನ್ನು ಅವಲಂಬಿಸಿ ವ್ಯತ್ಯಾಸವಾಗಬಹುದು. ಈ ಉತ್ತರದಿಂದ ನಿಮಗೆ ಸಹಾಯವಾಯಿತೇ?’

ಸತ್ಯವಾಗಿ ಹೇಳುತ್ತೇನೆ, ಒಂದು ಗಳಿಗೆ ಸಹಾಯವಾಯಿತು. ನಮ್ಮ ಬಡಾವಣೆಗೆ ಎಲ್ಲವೂ ತಡವಾಗಿಯೇ ಬರುತ್ತದೆ.

ಆ ಭಾನುವಾರ ಇವರು ಎಂದಿನಂತೆ ವರದಿ ಓದುತ್ತಾ ಹೋದರು, ಕೊನೆಯಲ್ಲಿ ದನಿ ಏರಿಸಿ ‘ಹೊಸ ಸೌಲಭ್ಯ! ಈ ವಾರದಿಂದ, ನಿಮ್ಮ ಆಪ್ತರ ಮನಸ್ಸಿನಲ್ಲಿದ್ದ ಪ್ರಶ್ನೆ! ನೋಡಲು ಇಲ್ಲಿ ಒತ್ತಿ!’ ಎಂದು ಘೋಷಿಸಿದರು. ಒತ್ತಲು ಬೆರಳು ಎತ್ತಿದ್ದರು. ಅಷ್ಟರಲ್ಲಿ ಅತ್ತೆ ‘ಕೊಡೋ ಇಲ್ಲಿ, ನಿನ್ನ ಕಿರುಚಾಟ ಕೇಳೋದಕ್ಕಿಂತ ಕನ್ನಡಕ ಹಾಕ್ಕೊಳ್ಳೋದೇ ವಾಸಿ’ ಎಂದು ಮೊಬೈಲನ್ನು ಕಿತ್ತುಕೊಂಡರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಅದನ್ನು ಕಣ್ಣಿಗೆ ಇಳಿಸಿದರೋ ಇಲ್ಲವೋ ನಾನು ನೋಡಲಿಲ್ಲ, ಏಕೆಂದರೆ ಬೀಳದೇ ಇದ್ದ ಚಮಚವೊಂದನ್ನು ಎತ್ತಲು ಮೇಜಿನ ಕೆಳಗೆ ಬಗ್ಗಿದ್ದೆ. ಮೇಲೆ ಬಂದಾಗ ಮೊಬೈಲು ಮಗುಚಿ ಬಿದ್ದಿತ್ತು, ಅತ್ತೆ ನೀರು ಕುಡಿಯುತ್ತಿದ್ದರು. ‘ಏನಂತಮ್ಮಾ ಪ್ರಶ್ನೆ?’ ಎಂದು ಇವರು ಕೇಳಿದ್ದಕ್ಕೆ ‘ಬಿಕ್ಕಳಿಕೆ’ ಎಂದರು.

ಬಿಕ್ಕಳಿಕೆಯ ಬಗ್ಗೆ ಹಿಂದೊಮ್ಮೆ ಕೇಳಿದ್ದೆ. ಅದನ್ನೇ ಓದಿದರೋ, ಅಥವಾ ಓದಿ ಮುಚ್ಚಿಟ್ಟರೋ? ಮಾನ್ಯರೇ, ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆ ಎಂಬುದು ತಮ್ಮ ಬಳಿ ಇಲ್ಲದ ಮಾಹಿತಿಯಾದ್ದರಿಂದ ಉಚಿತವಾಗಿ ಕೊಡುತ್ತಿದ್ದೇನೆ. ಅತ್ತೆ ‘ಕೊಡಮ್ಮ, ಸ್ವಲ್ಪ ಹೊತ್ತು ನಾನು ಎತ್ಕೋತೀನಿ’ ಎಂದಾಗಲೆಲ್ಲ, ಇದು ನನಗೆ ಬಿಡುವು ಕೊಡಲಿಕ್ಕೋ ನನ್ನ ಕೈಯಿಂದ ಮಗುವನ್ನು ಬಿಡಿಸಲಿಕ್ಕೋ ಎಂದು ಲೆಕ್ಕ ಹಾಕುತ್ತಿದ್ದೆ. ನಾನು ಮಗುವಿಗೆ ಸ್ನಾನ ಮಾಡಿಸುವಾಗ ಅವರು ಬಾಗಿಲ ಬಳಿ ಟವೆಲು ಹಿಡಿದು ನಿಂತರೆ, ಟವೆಲಿಗಾಗಿ ನಿಂತಿದ್ದಾರೋ ಕಾವಲಿಗೋ ತಿಳಿಯುತ್ತಿರಲಿಲ್ಲ. ಒಂದು ದಿನ ಇವರನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಮಗೂನ ಅವಳ ಹತ್ರ ಬಿಡೋದು ಬೇಡ ಕಣೋ’ ಎಂದು ಹೇಳುತ್ತಾರೆ ಎಂಬುದು ನನಗೆ ಖಾತ್ರಿಯಾಗಿತ್ತು. ಆ ಮಾತನ್ನು ಅವರು ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದನ್ನೂ ನಾನೇ ತೀರ್ಮಾನಿಸಿಯಾಗಿತ್ತು.

ಆದ್ದರಿಂದ ಆ ಪ್ರಶ್ನೆಯನ್ನು ಅಳಿಸಿಬಿಡಿ ಎಂದು ತಮಗೆ ಮನವಿ ಸಲ್ಲಿಸಿದೆ. ಇಲ್ಲಿ ತಮ್ಮ ಕಾರ್ಯವಿಧಾನವನ್ನು ಎಷ್ಟು ಹೊಗಳಿದರೂ ಕಡಿಮೆ. ಪ್ರಶ್ನೆಯನ್ನು ತೆಗೆದುಕೊಳ್ಳುವಾಗ ನಾನು ಯಾರೆಂದು ಕೇಳದವರು, ವಾಪಸು ಕೇಳಿದಾಗ ನನ್ನ ಮುಖವನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ತೆರೆದು ನಾನು ನಾನೇ ಎಂದು ರುಜುವಾತು ಮಾಡಿಸಿಕೊಂಡಿರಿ. ನನಗೂ ಆ ಬಗ್ಗೆ ಅನುಮಾನ ಇದ್ದ ದಿನಗಳವು, ತಾವು ಒಪ್ಪಿಕೊಂಡದ್ದರಿಂದ ಸಮಾಧಾನವಾಯಿತು. ಅಳಿಸಲು ಕಾರಣ ಕೇಳಿ ‘ಮಗು ದೊಡ್ಡದಾಯಿತು’, ‘ಉತ್ತರದಿಂದ ತೃಪ್ತಳಾಗಿದ್ದೇನೆ’, ‘ಇತರೆ’ ಎಂದು ಮೂರು ದಾರಿ ತೋರಿಸಿದಿರಿ. ‘ಇತರೆ’ಯನ್ನು ಒತ್ತಿದರೆ ‘ವಿವರವಾಗಿ ಬರೆಯಿರಿ, ಈ ವಿವರಣೆಯನ್ನು ಸೇವೆಯ ಸುಧಾರಣೆಗಾಗಿ ಇಟ್ಟುಕೊಳ್ಳಲಾಗುವುದು’ ಎಂದಿರಿ. ಕಡೆಯದಾಗಿ, ‘ನಿಮ್ಮ ಭದ್ರತೆಯ ದೃಷ್ಟಿಯಿಂದ, ಅಳಿಸಬೇಕಾದ ವಿಷಯವನ್ನು ಪೂರ್ಣವಾಗಿ ನಮೂದಿಸಿ ನಿಮ್ಮ ಆಪ್ತರ ಒಪ್ಪಿಗೆಗೆ ಕಳಿಸಲಾಗುತ್ತಿದೆ’ ಎಂದು ತಿಳಿಸಿದಿರಿ.

ಅಂದರೆ, ಯಾರ ಕಣ್ಣಿಗೆ ಬೀಳಬಾರದೆಂದು ಅಳಿಸಲು ಕೇಳಿದೆನೋ, ಅವರಿಗೇ ಅದನ್ನು ದಪ್ಪ ಅಕ್ಷರದಲ್ಲಿ ತೋರಿಸಿ, ಅಳಿಸಬಹುದೇ ಎಂದು ಕೇಳುವುದು. ಇಂಥ ಪಾರದರ್ಶಕತೆ ಕಿಟಕಿಯ ಗಾಜಿಗೂ ಇರುವುದಿಲ್ಲ.

ಅತ್ತೆಯ ಮೊಬೈಲು ಹಗಲಿನಲ್ಲಿ ಫ್ರಿಡ್ಜಿನ ಮೇಲಿರುತ್ತದೆ. ಮಗಳನ್ನು ಹೆಗಲಿಗೆ ಹಾಕಿಕೊಂಡು ನಾನು ಅದರ ಮುಂದೆ ಕಾವಲು ನಿಂತೆ. ಸಂದೇಶ ಬಂದ ಕೂಡಲೇ ನಾನೇ ‘ಒಪ್ಪಿಗೆ’ ಒತ್ತಿಬಿಡುವ ಯೋಜನೆ. ಇವರು ಬೆಳಗಿನ ಪಾಳಿ ಮುಗಿಸಿ ಆಗತಾನೆ ಬಂದು ಶೂ ಬಿಚ್ಚುತ್ತಿದ್ದರು. ಮೊಬೈಲು ಬಡಿದುಕೊಂಡಿತು. ನಾನು ಕೈ ಚಾಚಿದೆ, ಮಗಳು ನನ್ನ ಕೂದಲು ಹಿಡಿದಳು, ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅತ್ತೆಯ ಒದ್ದೆ ಕೈ ನನ್ನ ಕೈಯ ಮೇಲಿಂದ ಹಾದು ಅದನ್ನು ಎತ್ತಿಕೊಂಡಿತು. ನಾನಾಗಲೇ ಹೇಳಿದೆನಲ್ಲ, ಹಳೆಯ ಅಭ್ಯಾಸ. ಇವರು ಬಾಗಿಲಿನಿಂದಲೇ ‘ಯಾರಮ್ಮಾ, ಓದ್ಲಾ?’ ಎಂದರು.

ಅತ್ತೆ ಕನ್ನಡಕ ಇಳಿಸಿದರು, ಈ ಸಲ ನೋಡಿದೆ. ಓದಿದರು. ತಲೆಯೆತ್ತದೆ, ‘ಮೇಲೆ ಹೋಗಿ ಮಗು ಬಟ್ಟೆ ಒಣಗಿದ್ಯಾ ನೋಡ್ಕೊಂಡು ಬಾರೋ’ ಎಂದರು. ‘ಈಗ ತಾನೇ ಮೆಟ್ಟಿಲು ಹತ್ತಿ ಬಂದೆ’ ಎಂದರು ಇವರು. ‘ಹಾಗಾದ್ರೆ ದಾರಿ ಗೊತ್ತಿರುತ್ತೆ, ಹೋಗು’ ಎಂದರು ಅತ್ತೆ.

ಬಾಗಿಲು ಮುಚ್ಚಿಕೊಂಡ ಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ, ತಿದ್ದಿಲ್ಲ. ‘ಇದನ್ನ ನಾನು ಆವತ್ತೇ ಓದಿದೆ ಕಣೇ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಲೈನು ಸರಿಯಾಗಿ ಸೇರಿದ್ಯಾ ಅಂತ ಒಂದು ಕ್ಷಣ ಕಿವಿ ಕೊಡ್ಬೇಕು, ಮಾತು ಕೇಳಿಸ್ತು ಅಂದ್ರೆ ತಕ್ಷಣ ಬಿಟ್ಟು ಆಚೆ ಬಂದುಬಿಡ್ಬೇಕು. ಅವರು ನಗ್ತಿರ್ಲಿ, ಜಗಳ ಆಡ್ತಿರ್ಲಿ, ಅಳ್ತಿರ್ಲಿ, ನಾವು ಬಾಯಿ ಹಾಕೋ ಹಾಗಿಲ್ಲ. ಕೇಳಿದ್ದನ್ನ ಊಟದ ಕೋಣೇಲೂ ಆಡೋ ಹಾಗಿಲ್ಲ. ಮನೇಲೂ ಹಾಗೇ ಮಾಡ್ಬಿಟ್ಟೆ. ನಿನ್ನ ಮಾತು ನಿಂದು, ನಂಗೆ ಕೇಳಿಸಿದ್ದು ನನ್ನ ತಪ್ಪು ಅಂದ್ಕೊಂಡು ಸುಮ್ನಾದೆ. ಆ ಕಡೆ ಯಾರೂ ಇಲ್ದೇ ನೀನೊಬ್ಬಳೇ ಹಲೋ ಹಲೋ ಅಂತಿದ್ದೀಯ ಅನ್ನೋದು ತಲೆಗೇ ಹೋಗ್ಲಿಲ್ಲ ನೋಡು.’

ಆಮೇಲೆ, ‘ಇದೇನಿದು, ಐದು ದಿನ ಅಂತ ಬರ್ದಿದ್ದಾರೆ? ಹುಚ್ಚರು’ ಎಂದರು. ಆ ಹೇಳಿಕೆಯನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬಾರದಾಗಿ ಪ್ರಾರ್ಥನೆ. ‘ಇವನಿಗೆ ಎರಡನೇ ಹಲ್ಲು ಬರೋವರೆಗೂ ನಂಗೇನೂ ಅನ್ನಿಸ್ಲಿಲ್ಲ. ಯಾರದೋ ಮಗೂನ ನೋಡ್ಕೋತಿದೀನಿ, ಅವರು ಬಂದು ಕರ್ಕೊಂಡು ಹೋಗ್ತಾರೆ, ಅಲ್ಲೀವರೆಗೂ ಚೆನ್ನಾಗಿ ನೋಡ್ಕೊಂಡ್ರೆ ಸಾಕು ಅಂತಿತ್ತು. ಯಾರ್ನ ಕೇಳ್ಲಿ? ಇಡೀ ಊರನ್ನ ಇಡೀ ಊರಿಗೆ ಜೋಡಿಸ್ತಿದ್ದೆ, ನಂಗೊಂದು ಕಾಲ್ ಮಾಡೋಕೆ ನಂಬರ್ ಇರ್ಲಿಲ್ಲ.’

ಆಗ ನಾನು ಕಣ್ಣೀರು ಹಾಕಿದೆನೋ ಇಲ್ಲವೋ ಎಂಬುದು ತಮ್ಮ ಸೇವೆಯ ಸುಧಾರಣೆಗೆ ಅನಗತ್ಯ. ಮೈಕ್ರೋಫೋನಿನ ಅನುಮತಿ ಕೊಟ್ಟಿದ್ದರಿಂದ ಅದರ ಸದ್ದು ತಮ್ಮಲ್ಲಿ ಹೇಗೂ ಇರುತ್ತದೆ.

ಅಷ್ಟರಲ್ಲಿ ಇವರು ಒಣಗದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ‘ಎರಡನೇ ಹಲ್ಲಿನವರೆಗಾ ಅಮ್ಮಾ? ಒಂದನೇ ಹಲ್ಲಿಗೆ ಏನಾಗಿತ್ತು?’ ಎಂದರು. ‘ಒಂದನೇ ಹಲ್ಲಲ್ಲಿ ನೀನು ನನ್ನ ಕಚ್ಚಿದೆ ಕಣೋ, ಇನ್ನೂ ಗುರುತಿದೆ’ ಎಂದರು ಅತ್ತೆ. ಇವರು ಒದ್ದೆ ಬಟ್ಟೆಗಳ ಸಮೇತ ನನ್ನ ಪಕ್ಕ ಬಂದು ಕೂತರು. ‘ನಂಗ್ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದರು, ಮೈಕಿಲ್ಲದ ದನಿಯಲ್ಲಿ. ‘ನೀವು ಗಟ್ಟಿಯಾಗಿ ಓದ್ತೀರಲ್ಲ’ ಎಂದೆ.

ಮಾರನೆಯ ದಿನ ಅತ್ತೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯೆ ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, ಇದಕ್ಕೊಂದು ಹೆಸರಿದೆ, ಚಿಕಿತ್ಸೆ ಇದೆ, ಹೆತ್ತವರಲ್ಲಿ ಬಹಳ ಜನಕ್ಕೆ ಬರುತ್ತದೆ, ಬಂದವರಲ್ಲಿ ಬಹಳ ಜನ ಹೇಳುವುದಿಲ್ಲ ಎಂದರು. ಬರೆದುಕೊಳ್ಳುವ ಮೊದಲು ‘ಬರೆದುಕೊಳ್ಳಲಾ?’ ಎಂದು ಕೇಳಿದರು. ಈ ಪದ್ಧತಿಯನ್ನು ತಾವೂ ಒಮ್ಮೆ ಪ್ರಯತ್ನಿಸಿ ನೋಡಬಹುದು, ಅಂಥ ಕಷ್ಟವೇನಿಲ್ಲ, ಒಂದೇ ಮಾತು.

ಇದರ ನಡುವೆ ತಮ್ಮ ಒಪ್ಪಿಗೆಯ ಸಂದೇಶಕ್ಕೆ ಅತ್ತೆ ‘ನಿರಾಕರಿಸುತ್ತೇನೆ’ ಎಂದು ಒತ್ತಿದ್ದಾರೆ. ನಾನು ಗಾಬರಿಯಾಗಿ ಕೇಳಿದ್ದಕ್ಕೆ, ‘ಅಳಿಸಿದ್ರೆ ನಿಂದೊಂದು ಹೋಗುತ್ತೆ. ನಾಳೆ ಇನ್ನೊಬ್ಬಳು ಇದನ್ನೇ ಕೇಳ್ತಾಳೆ, ಅವಳಿಗೂ ಐದು ದಿನ ಅಂತಾರೆ. ಆರನೇ ದಿನ ಅವಳು ಏನು ಮಾಡ್ಬೇಕು?’ ಎಂದರು.

ಆದಕಾರಣ ನನ್ನ ಹಿಂದಿನ ಮನವಿಯನ್ನು ಹಿಂತೆಗೆದುಕೊಂಡು, ಅದರ ಬದಲಿಗೆ ಈ ಕೆಳಗಿನ ಸಣ್ಣಪುಟ್ಟ ಕೋರಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ನನ್ನ ಪ್ರಶ್ನೆ ತಮ್ಮಲ್ಲೇ ಇರಲಿ. ಅದರ ಕೆಳಗಿರುವ ಉತ್ತರವನ್ನು ತೆಗೆದು, ಆ ಜಾಗದಲ್ಲಿ ‘ಗೊತ್ತಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಎರಡನೇ ಹಲ್ಲಿನವರೆಗೂ ಆಗಬಹುದು. ನೀವು ಕೆಟ್ಟವರಲ್ಲ. ವೈದ್ಯರ ಹತ್ತಿರ ಹೋಗಿ, ಒಬ್ಬರೇ ಹೋಗಬೇಡಿ’ ಎಂದು ಹಾಕಿ. ಅದನ್ನು ನಾನು ಕರಡು ತಿದ್ದಿಯೇ ಕಳಿಸಿದ್ದೇನೆ, ಮತ್ತೆ ತಿದ್ದುವ ಅಗತ್ಯವಿಲ್ಲ. ಎರಡನೆಯದಾಗಿ, ನಿದ್ದೆ ಹೇಗಾಯಿತು ಎಂದು ಕೇಳುವ ಕಡೆ ‘ಆಗಲಿಲ್ಲ’ ಎಂಬ ಬಟನನ್ನೂ ದಯಪಾಲಿಸಿ. ಕೆಂಪು ನಕ್ಷತ್ರವನ್ನು ತಾಯಿ ಇಲ್ಲದವರಿಗೆ ಮಾಫಿ ಮಾಡಿ. ತಮ್ಮ ಹುದ್ದೆ ಎಂದಾದರೂ ತೆರವಾದರೆ ನಮ್ಮ ಅತ್ತೆಯವರ ಅರ್ಜಿಯನ್ನು ಪರಿಶೀಲಿಸಿ. ಊರಿನ ಅರ್ಧ ಸಂಸಾರಗಳ ಗುಟ್ಟು ಅವರ ಕಿವಿಯಲ್ಲಿದೆ, ಪಾಲುದಾರರು ಒಬ್ಬರೂ ಇಲ್ಲ. ಪ್ರತಿ ಕರೆಯಲ್ಲಿ ಯಾವಾಗ ಸುಮ್ಮನಿರಬೇಕು, ಯಾವಾಗ ಬಾಯಿ ಹಾಕಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಇತ್ತೀಚೆಗೆ ತಮ್ಮದೇ ಹಳೆಯ ನಿಯಮಾವಳಿಯನ್ನು ಪರಿಷ್ಕರಿಸಿಕೊಂಡಿದ್ದಾರೆ. ಅವರ ಮಾತುಗಳನ್ನು ಇಲ್ಲಿ ಬರೆಯಲು ಅನುಮತಿ ಕೇಳಿದ್ದೇನೆ. ಬಟನು ಇರಲಿಲ್ಲವಾದ್ದರಿಂದ ಬಾಯಿಬಿಟ್ಟೇ ಹೂಂ ಎಂದರು.

ಹಾಗಾದರೆ ಈಗ ಮಗಳ ಮೇಲೆ ಪ್ರೀತಿ ಬಂತೇ ಎಂದು ತಾವು ಕೇಳಬಹುದು. ಕೇಳಿಯೂ ಇದ್ದೀರಿ, ನಿನ್ನೆ, ಒಂದರಿಂದ ಐದು ಹೃದಯಗಳಲ್ಲಿ ಗುರುತು ಮಾಡಿ ಎಂದು. ಅವಳು ಈಗ ನನ್ನ ತೊಡೆಯ ಮೇಲಿದ್ದಾಳೆ, ಎಚ್ಚರವಾಗಿದ್ದಾಳೆ, ನನ್ನ ಮುಖವನ್ನೇ ನೋಡುತ್ತಿದ್ದಾಳೆ. ನಾನೂ ನೋಡುತ್ತಿದ್ದೇನೆ. ಆಮೇಲಿನದ್ದು ನಮ್ಮಿಬ್ಬರ ನಡುವಿನ ವಿಷಯ, ತಮಗೆ ಹೇಳುವುದಿಲ್ಲ.

ಇಷ್ಟಾದರೂ ತಮ್ಮನ್ನು ನಂಬದೆ ಬೇರೆ ದಾರಿ ಕಾಣದ,
ತಮ್ಮ ವಿಶ್ವಾಸಿ,
(ಹೆಸರು, ವಿಳಾಸ, ರಕ್ತದ ಗುಂಪು ಮತ್ತು ಮುಖದ ಎರಡೂ ಪಾರ್ಶ್ವಗಳು ತಮ್ಮಲ್ಲಿವೆ)

ಮರುಬರಹ: ಈ ಪತ್ರವನ್ನು ಖಾಸಗಿಯಾಗಿ ಕಳಿಸೋಣವೆಂದು ತಮ್ಮ ದೂರಿನ ಪೆಟ್ಟಿಗೆಯನ್ನು ತೆರೆದೆ. ಮೊದಲು ಮಗುವಿನ ತೂಕ ನಮೂದಿಸಿ ಎಂದಿತು, ಆಮೇಲೆ ನನ್ನ ತೂಕ. ಆದ್ದರಿಂದ ಪತ್ರಿಕೆಗೇ ಕೊಟ್ಟಿದ್ದೇನೆ. ಇಲ್ಲಿ ಊರವರೆಲ್ಲ ಓದುತ್ತಾರೆ ನಿಜ, ಆದರೆ ಯಾರೂ ಹಾಸಿಗೆ ಮಾರಲು ಬರುವುದಿಲ್ಲ.